ಎರಡು ತಾಸು ತಡವಾದ ಚುಚ್ಚುಮದ್ದು

ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಹಿರಿಯ ಅಧಿಕಾರಿಗಳೇ,

ಹೊರಗಿನ ಚೀಟಿಯ ಚುಚ್ಚುಮದ್ದು ಕೊಡುವುದಿಲ್ಲವೆಂದು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನನ್ನನ್ನು ಎರಡು ತಾಸು ಬೆಂಚಿನ ಮೇಲೆ ಕೂರಿಸಿದರು. ಅದಕ್ಕೇ ಈ ಪತ್ರ.

ನನಗೆ ಮೂವತ್ತೇಳು. ಮದುವೆಯಾಗಿ ಹದಿನಾಲ್ಕು ವರ್ಷ. ಗಂಡ ಹಾಲಸಿದ್ದ ಕುರಿ ಸಾಕುತ್ತಾರೆ. ಮಗುವಿಗಾಗಿ ರಾಜ್ಯದ ಗಡಿಯಾಚೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆಯುತ್ತಿದ್ದೆ. ಅಂಡಗಳು ಬೆಳೆಯಲೆಂದು ಹನ್ನೊಂದು ದಿನ ಹೊಟ್ಟೆಗೆ ಚುಚ್ಚುಮದ್ದು. ಊರಿನ ಕಂಪೌಂಡರ್ ಲಗಮಪ್ಪ ಕೊಡುತ್ತಿದ್ದರು. ಕೊನೆಯದು ಅಂಡಗಳನ್ನು ಬಲಿಯಿಸುವಂಥದ್ದು. ಅದನ್ನು ಸಂಜೆ ಏಳಕ್ಕೇ ಕೊಡಬೇಕು. ಸರಿಯಾಗಿ ಮೂವತ್ತಾರು ತಾಸಿಗೆ ಅಂಡಗಳನ್ನು ಹೊರತೆಗೆಯುತ್ತಾರೆ. ಆ ಸಂಜೆ ಲಗಮಪ್ಪ ಊರಲ್ಲಿರಲಿಲ್ಲ. ಚುಚ್ಚುಮದ್ದಿಟ್ಟ ಐಸಿನ ಡಬ್ಬಿ ಹಿಡಿದು ನಿಮ್ಮ ಕೇಂದ್ರಕ್ಕೆ ಬಂದೆವು.

“ಪ್ರೈವೇಟ್ ಚೀಟಿದ ಇಂಜೆಕ್ಷನ್ ಮಾಡಾಕ ನಮಗ ಆರ್ಡರ್ ಇಲ್ರಿ,” ಎಂದರು ನರ್ಸ್. “ಡಾಕ್ಟರ್ ಸಾಹೇಬ್ರಿಗೆ ಫೋನ್ ಹಚ್ಚೇನಿ, ಹತ್ತವಲ್ದು. ಕುಂದರ್ರಿ.”

ಅವರ ಮೇಲೆ ನನಗೆ ಸಿಟ್ಟಿಲ್ಲ. ಕುಡಿಯಲು ನೀರು ಕೊಟ್ಟರು. ಆದರೆ ಮಾನ್ಯರೇ, ಮಕ್ಕಳು ಸದ್ಯ ಬೇಡ ಎನ್ನುವವರಿಗೆ ಅದೇ ಕೋಣೆಯಲ್ಲಿ ಚುಚ್ಚುಮದ್ದಿದೆ. ಬೇಕು ಎನ್ನುವವಳಿಗೆ ಆದೇಶವಿಲ್ಲ. ನಿಮ್ಮ ಇಲಾಖೆಯ ಹೆಸರಿನಲ್ಲಿರುವ ಕುಟುಂಬ ಯಾರದು? ಕಲ್ಯಾಣಕ್ಕೆ ಅರ್ಹರಾಗಲು ಮೊದಲು ಎಷ್ಟು ಮಕ್ಕಳನ್ನು ಹೆತ್ತು ಬರಬೇಕು?

ಒಂದು ಹನಿ ಚೆಲ್ಲಿದರೂ ಎಲ್ಲ ಹಾಳೆಂದು ಹೆದರಿ ನಾವೇ ಕೈ ಹಾಕಿರಲಿಲ್ಲ. ಒಂಬತ್ತಾದ ಮೇಲೆ ಹಾಲಸಿದ್ದ ಸಿರಿಂಜ್ ತೆಗೆದುಕೊಂಡರು. “ಕುರಿಗೆ ದಿನಾ ಚುಚ್ಚತೇನಿ, ನಿನಗ ಚುಚ್ಚಾಕ ಅಂಜಿಕಿ ಬರತೈತಿ,” ಎಂದರು. ಚುಚ್ಚಿದರು. ನೋವಾಗಲಿಲ್ಲ.

ತಡವಾದದ್ದನ್ನು ಆಸ್ಪತ್ರೆಯಲ್ಲಿ ನಾನು ಹೇಳಲಿಲ್ಲ. ಹೇಳಿದರೆ ಚಿಕಿತ್ಸೆಯನ್ನೇ ನಿಲ್ಲಿಸುತ್ತಾರೆಂದುಕೊಂಡೆ. ಅಂಡ ತೆಗೆದು, ನನಗೆ ಎಚ್ಚರವಾದಾಗ ವೈದ್ಯೆ ಬಂದರು. ಹನ್ನೊಂದು ಸಿಕ್ಕಿವೆ, ಒಂಬತ್ತು ಬಲಿತಿಲ್ಲ ಎಂದರು. ತಡವಾದದ್ದನ್ನು ಆಗ ಬಾಯಿಬಿಟ್ಟೆ.

“ಮೊದಲ ಹೇಳಿದ್ರ ಎರಡು ತಾಸು ತಡಾ ಮಾಡಿ ತಗೀತಿದ್ವಿ ನೋಡ್ರಿ. ಅದರಿಂದನ ಹಿಂಗಾತು ಅಂತ ಖಾತ್ರಿ ಹೇಳಾಕ ಬರೂದಿಲ್ಲ. ಟೈಮ್ ಬರೋಬ್ಬರಿ ಇದ್ರೂ ಕೆಲವ್ರಿಗೆ ಹಿಂಗ ಆಕ್ಕೈತಿ,” ಎಂದರು ವೈದ್ಯೆ.

ಉಳಿದ ಎರಡೂ ಭ್ರೂಣವಾಗಲಿಲ್ಲವೆಂದು ಮರುದಿನ ಫೋನಿನಲ್ಲಿ ತಿಳಿಸಿದರು. ಆಗ ರೊಟ್ಟಿ ಬಡಿಯುತ್ತಿದ್ದೆ. ಫೋನ್ ಇಟ್ಟು ಉಳಿದ ಹಿಟ್ಟನ್ನೂ ಬಡಿದು ಮುಗಿಸಿದೆ.

ಹೇಳದಿದ್ದ ತಪ್ಪು ನನ್ನದು. ಅದನ್ನು ನಿಮ್ಮ ಮೇಲೆ ಹಾಕುವುದಿಲ್ಲ. ಬೆಂಚಿನ ಮೇಲಿನ ಎರಡು ತಾಸು ಮಾತ್ರ ನಿಮ್ಮವು. ತನಿಖೆ ಬೇಡ, ಆ ನರ್ಸಿಗೆ ನೋಟಿಸಂತೂ ಬೇಡವೇ ಬೇಡ. ವೈದ್ಯರ ಚೀಟಿ ತಂದವಳಿಗೆ, ಅದರಲ್ಲಿ ಬರೆದ ಹೊತ್ತಿಗೆ, ಚುಚ್ಚುಮದ್ದು ಕೊಡಬೇಕೆಂದು ಒಂದು ಸಾಲಿನ ಆದೇಶ ಹೊರಡಿಸಿ. ಮುಂದಿನ ತಿಂಗಳು ನಮ್ಮ ಓಣಿಯ ಕೋಮಲ ಇದೇ ಚಿಕಿತ್ಸೆಗೆ ಹೊರಟಿದ್ದಾಳೆ. ಏನೇ ಹೆಚ್ಚುಕಡಿಮೆಯಾದರೂ ಆಸ್ಪತ್ರೆಯವರಿಗೆ ಹೇಳಿಬಿಡು ಎಂದು ಅವಳಿಗೆ ನಾನು ಹೇಳಿದ್ದೇನೆ. ನಿಮ್ಮ ನರ್ಸಿಗೆ ನೀವು ಹೇಳಬೇಕು.

ಇಂತಿ,
ಇನ್ನೊಮ್ಮೆ ಹೋಗುತ್ತೀಯಾ ಎಂದು ಕೇಳಿದರೆ ಏನು ಹೇಳಬೇಕೆಂದು ತಿಳಿಯದ
ಪೂನಮ
ಅಥಣಿ ಸೀಮೆ