ವಿಠಾಬಾಯಿ ಅತ್ತೆ ಕೊಟ್ಟ ಪುಸ್ತಕ

ಕೆಳಪೇಟೆ, ಬೀದರ
ಇಳಿಗಾಲದ ಆರನೆಯ ವಾರ, ಬುಧವಾರ
ಇಸವಿ ೨೧೮೭

ಆ ಆಟವನ್ನು ಮೊದಲು ಆಡಿದವರಿಗೆ,

ಈ ಕಾಗದದ ಮೇಲಿನ ಇಸವಿಯನ್ನು ನೀವು ನಂಬಲಾರಿರಿ. ಅದಕ್ಕೆ ನಾನೇನೂ ಮಾಡಲಾರೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ದಿನಪತ್ರಿಕೆಗಳನ್ನು ಓದಿ ಕಲಿತಿದ್ದೇನೆ. ಆದರೂ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮಗೆ ತಿಳಿಯದ ಪದ ಬಂದಲ್ಲಿ ಅಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಕೆಳಪೇಟೆಯ ಗೋಡೆಪತ್ರಿಕೆಗೆ ಬರೆಯುವವಳು. ದಿನವೂ ಬೆಳಿಗ್ಗೆ ಕಲ್ಲುಗೋಡೆಯ ಮೇಲೆ ನೀರಿನ ಮಟ್ಟ, ಗಾಳಿ, ಸಾವು, ಹುಟ್ಟು, ಕಳೆದುಹೋದ ಆಡು ಇತ್ಯಾದಿಯನ್ನು ಸುಣ್ಣದಲ್ಲಿ ಬರೆಯುವುದು ನನ್ನ ಕೆಲಸ. ನಡೆದದ್ದನ್ನು ನಡೆದ ಹಾಗೆ ಹೇಳುವುದಷ್ಟೇ ನನಗೆ ಬರುತ್ತದೆ. ಈ ಪತ್ರದಲ್ಲೂ ಅದನ್ನೇ ಮಾಡಿ, ಕೊನೆಗೆ ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ.

ಇಳಿಗಾಲವೆಂದರೆ ಶಿವರಾತ್ರಿಯಿಂದ ಮೃಗಶಿರೆ ಮಳೆಯವರೆಗಿನ ಕಾಲ. ಆ ತಿಂಗಳುಗಳಲ್ಲಿ ಹೊತ್ತೇರಿದ ಮೇಲೆ ಬಿಸಿಲಿಗೆ ನೆಲದ ಮೇಲೆ ಯಾರೂ ಇರುವಂತಿಲ್ಲ. ನಮ್ಮೂರಿನ ಕೆಂಪು ಕಲ್ಲಿನಡಿ ನೀರಿಗಾಗಿ ಹಿಂದೆ ಕೊರೆದ ಸುರಂಗಗಳಿವೆಯಲ್ಲ, ನಿಮ್ಮ ಕಾಲದಲ್ಲಿ ಜನ ನೋಡಲು ಬರುತ್ತಿದ್ದರಂತೆ, ಅವನ್ನೇ ಅಗಲ ಮಾಡಿಕೊಂಡು ಅಲ್ಲಿಗಿಳಿಯುತ್ತೇವೆ. ಅದೇ ಕೆಳಪೇಟೆ. ರೊಟ್ಟಿ, ಶೇಂಗಾ ಹಿಂಡಿ, ಕೈಕೆಲಸ, ಕೂಸುಗಳನ್ನು ಕಟ್ಟಿಕೊಂಡು ಇಳಿಯುತ್ತೇವೆ. ಪಕ್ಕದಲ್ಲಿ ಸಣ್ಣಗೆ ನೀರು ಹರಿಯುತ್ತದೆ. ಮೇಲಿನ ಬಾವಿಯ ಬಾಯಿಂದ ಬೆಳಕು ಕಂಬದಂತೆ ಇಳಿದಿರುತ್ತದೆ. ಆ ಬೆಳಕು ಗೋಡೆ ಹತ್ತಿ ಬಾವಿಯ ಅಂಚು ಮುಟ್ಟಿದರೆ ನಾವೂ ಮೇಲೆ ಹತ್ತಬಹುದೆಂದು ಅರ್ಥ. ನನ್ನ ಬಾಲ್ಯವೆಲ್ಲ ಆ ಬೆಳಕನ್ನು ಕಾಯುವುದರಲ್ಲಿ ಕಳೆಯಿತು. ಹಸಿ ಕಲ್ಲಿನ ವಾಸನೆ ಬಂದರೆ ನನಗೆ ಈಗಲೂ ಹತ್ತು ವರ್ಷ.

ಆ ಮಧ್ಯಾಹ್ನಗಳಿಗೆ ನಮಗಿದ್ದದ್ದು ಒಂದು ಪರದೆ, ಒಂದು ಆಟ. ನನ್ನ ಮುತ್ತಜ್ಜನ ಕಾಲದಲ್ಲಿ ಯಾರದೋ ಮನೆ ಕೆಡವುವಾಗ ಕಬ್ಬಿಣದ ಕಪಾಟಿನಲ್ಲಿ ಆ ಯಂತ್ರ ಸಿಕ್ಕಿತು. ಅದರ ಪರದೆ, ಒಳಗಿನ ತಟ್ಟೆಗಳು ಎಷ್ಟೋ ಸಲ ಬದಲಾಗಿವೆ. ಆಟ ಮಾತ್ರ ಅದೇ. ನೀವು ಅದಕ್ಕೆ ಇಟ್ಟಿದ್ದ ಹೆಸರು ನಮಗೆ ಗೊತ್ತಿಲ್ಲ. ನಾವು ಭಂಡಾರ ಎನ್ನುತ್ತೇವೆ. ಗುಡ್ಡದ ಮೇಲೊಂದು ಮನೆ, ಮನೆ ತುಂಬ ಪುಸ್ತಕ, ಅರ್ಧ ಕೋಣೆಗಳಿಗೆ ಬೀಗ. ಆಡುವವರು ಆ ಮನೆಯ ಪುಸ್ತಕಪಾಲಕರು. ಧೂಳು ಹೊಡೆಯಬೇಕು, ಹರಿದದ್ದನ್ನು ಹೊಲಿಯಬೇಕು. ಅವೆಲ್ಲ ಮಾಟ, ಶಕುನ, ನೆರಳು, ಗಾಳಿಗಳ ಪುಸ್ತಕಗಳಾದ್ದರಿಂದ ಯಾವುದರ ಪಕ್ಕ ಯಾವುದು ಎಂಬುದನ್ನು ನೋಡಿ ಇಡಬೇಕು. ಗೂಬೆಗಳ ಮಾತಿನ ಪುಸ್ತಕವನ್ನು ಮಳೆ ಕಟ್ಟುವ ಪುಸ್ತಕದ ಪಕ್ಕದಲ್ಲಿಟ್ಟರೆ ಬೆಳಗಾಗುವುದರೊಳಗೆ ಕಪಾಟು ತೊಯ್ದಿರುತ್ತದೆ. ಓದುವ ಮೊದಲು ಪುಸ್ತಕವನ್ನು ಎಬ್ಬಿಸಬೇಕು. ಕೆಲವು ದೀಪಕ್ಕೆ ಏಳುತ್ತವೆ, ಕೆಲವು ಲೋಬಾನಕ್ಕೆ. ಆಗೊಮ್ಮೆ ಈಗೊಮ್ಮೆ ಒಬ್ಬ ಅತಿಥಿ ಬಂದು ಏನನ್ನಾದರೂ ಕೇಳುತ್ತಾರೆ. ಅವರಿಗೆ ಚಹಾ ಕೊಟ್ಟು ಕೂರಿಸಿ ತಕ್ಕ ಪುಸ್ತಕ ಹುಡುಕಿಕೊಡಬೇಕು. ಬಾಗಿಲಲ್ಲೇ ನಿಲ್ಲಿಸಿದರೆ ಅವರು ಹೊರಟುಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಭಂಡಾರದಲ್ಲಿ ಒಂದು ದಿನವೆಂದರೆ ನಮ್ಮ ಒಂದು ದಿನ. ಯಂತ್ರವನ್ನು ನಾವು ಆರಿಸುವುದೇ ಇಲ್ಲ. ಮಳೆಗಾಲದಲ್ಲೂ ದಿನಕ್ಕೊಬ್ಬರು ಇಳಿದು ಬಂದು ಅದರ ಮುಂದೆ ಕೂರುತ್ತಾರೆ. ನಿಮ್ಮ ಕಾಲದ ಜನ ಬಲು ತಾಳ್ಮೆಯವರೆಂದು ನನ್ನ ಅಜ್ಜಿ ಹೊಗಳುತ್ತಿದ್ದಳು. ಮಕ್ಕಳಿಗೆ ಪಾಳಿ ಇತ್ತು. ಹತ್ತು ವರ್ಷ ತುಂಬಿದ ಪ್ರತಿ ಮಗುವಿಗೆ ಒಬ್ಬ ಅತಿಥಿ ಮೀಸಲು. ಆ ಅತಿಥಿಯ ಚಹಾ, ಪುಸ್ತಕ ಎಲ್ಲ ಆ ಮಗುವಿನದೇ. ಯಾರೋ ತಮಾಷೆಗೆ ಶುರು ಮಾಡಿದ ಇನ್ನೊಂದು ಪದ್ಧತಿಯೂ ಇತ್ತು. ಅತಿಥಿ ಬಂದಾಗ ಪರದೆಯ ಮುಂದೆ ನಿಜವಾದ ಒಂದು ಕಪ್ ಚಹಾ ಇಡುವುದು. ಚಹಾ ಎಂದರೆ ಆವರಿಕೆ ಹೂವನ್ನು ಒಣಗಿಸಿ ಕುದಿಸಿದ್ದು. ನಿಮ್ಮ ಎಲೆಯ ಚಹಾ ನಾವು ಕಂಡಿಲ್ಲ. ಅತಿಥಿ ಹೋದಮೇಲೆ ಅದನ್ನು ಆ ಮಗು ಕುಡಿಯಬೇಕು.

ನನ್ನ ಸೋದರತ್ತೆ ವಿಠಾಬಾಯಿಗೆ ಹತ್ತು ತುಂಬಿದ ವರ್ಷ ಅವಳ ಪಾಲಿಗೆ ಬಂದವನು ಒಬ್ಬ ದೀಪದವನು. ಉರಿಯಿಲ್ಲದ ಲಾಂದ್ರ ಹಿಡಿದು ಬಂದು, ನೆರಳನ್ನು ಮನೆಯಲ್ಲೇ ಬಿಟ್ಟು ಹೋಗುವುದು ಹೇಗೆಂದು ಕೇಳಿದ. ಅತ್ತೆ ಪುಸ್ತಕ ಹುಡುಕಿಕೊಟ್ಟಳು. ಉಳಿದ ಅತಿಥಿಗಳು ಅಲ್ಲೇ ಕೂತು ಓದಿ ಹೋಗುತ್ತಿದ್ದರು. ಇವನು ಮಾತ್ರ ಪುಸ್ತಕ ಒಯ್ಯುತ್ತೇನೆಂದ. ಆಗ ಭಂಡಾರದಲ್ಲಿ ನಂದನ ಸಂವತ್ಸರ. ‘ಮತ್ತೆ ನಂದನ ಬಂದಾಗ ತಂದುಕೊಡುತ್ತೇನೆ’ ಎಂಬ ಸಾಲು ಪರದೆಯ ಮೇಲೆ ಮೂಡಿತು. ಅದು ಅರವತ್ತು ವರ್ಷದ ಮಾತೆಂದು ಹುಡುಗಿಗೆ ತಿಳಿಯಲಿಲ್ಲ. ಕೊಟ್ಟು ಕಳಿಸಿದಳು. ಕಪಾಟಿನಲ್ಲಿ ಒಂದು ಪುಸ್ತಕದಷ್ಟು ಜಾಗ ಖಾಲಿ ಉಳಿಯಿತು.

ಅತ್ತೆ ಮದುವೆಯಾದಳು, ಹಡೆದಳು, ಗಂಡನನ್ನು ಕಳೆದುಕೊಂಡಳು. ಎಲ್ಲದರ ನಡುವೆಯೂ ಮಧ್ಯಾಹ್ನಕ್ಕೊಮ್ಮೆ ಬಂದು ಆ ಖಾಲಿ ಜಾಗ ನೋಡಿ ಹೋಗುತ್ತಿದ್ದಳು. ಅವಳ ಓರಗೆಯ ಬಕ್ಕಪ್ಪ ಕಾಕಾ ನೆರೆಮನೆಯವನು. ಅವನು ಅತ್ತೆಯಿಂದ ಹಿಟ್ಟು ಸೋಸುವ ಸಾಣಿಗಿ ಒಯ್ದು ವರ್ಷಗಟ್ಟಲೆ ಕೊಟ್ಟಿರಲಿಲ್ಲ. ನಾನು ಕಂಡಾಗಿನಿಂದ ಇಬ್ಬರದೂ ಅದೇ ಜಗಳ.

“ವಿಠಾ, ಬಂದ್ನೇನು ನಿನ್ನ ದೀಪದಾಂವ? ಒಯ್ದಾಂವ ಎಂದಾದ್ರೂ ತಿರುಗಿ ಬರ್ತಾನೇನ?”

“ಅವ ಬರ್ತಾನ. ಸಾಣಿಗಿ ಒಯ್ದಾಂವ ನೋಡು, ದಿನಾ ಬಂದು ಎದುರಿಗೇ ಕೂಡ್ತಾನ, ಬರಿಗೈಲೆ.”

“ಅದು ತೂತು ಬಿದ್ದದ ಅಂತ ಕೊಟ್ಟಿಲ್ಲವ್ವಾ.”

“ಸಾಣಿಗಿ ತೂತು ಬೀಳಲ್ದೆ ಇನ್ನೇನು ಬೀಳಬೇಕೋ, ಬಕ್ಯಾ?”

ಸುರಂಗದ ಆಚೆ ತುದಿಯವರೆಗೂ ನಗು ಕೇಳಿಸುತ್ತಿತ್ತು.

ಅತ್ತೆಗೆ ಅರವತ್ತಾರಾದಾಗ ಎದೆಯಲ್ಲಿ ಕೆಂಪು ಧೂಳು ಕೂತಿತು. ಇದು ನಮ್ಮಲ್ಲಿ ಬಹಳ ಮಂದಿಗೆ ಬರುವ ಬೇನೆ. ಆ ವರ್ಷ ದಾಟುವುದು ಕಷ್ಟವೆಂದು ವೈದ್ಯರು ಹೇಳಿದರು. ನಂದನ ಬರಲು ಇನ್ನೂ ನಾಲ್ಕು ವರ್ಷವಿತ್ತು. ಅವಳು ಕಾದದ್ದು ಅವಳಿಗೆ ಕಾಣಿಸದೆ ಹೋಗುತ್ತದಲ್ಲ ಎಂಬುದೇ ಎಲ್ಲರ ಮನಸ್ಸಿನಲ್ಲಿತ್ತು.

ಅದೇ ಇಳಿಗಾಲದಲ್ಲಿ ಆಟದ ಗುಟ್ಟು ಬಯಲಾಯಿತು. ಯಂತ್ರದ ಕೀಲಿಮಣೆ ಪೂರ್ತಿ ಸವೆದಿತ್ತು. ಅದರ ಮೇಲಿನ ಸಾಲಿನ ಅಂಕಿಗಳಂತೂ ಸಿಕ್ಕಾಗಲೇ ಕಿತ್ತುಹೋಗಿದ್ದವಂತೆ. ಖಲೀಲ ಮಿಸ್ತ್ರಿ ಎಲ್ಲಿಂದಲೋ ಇನ್ನೊಂದು ಕೀಲಿಮಣೆ ತಂದು ಜೋಡಿಸಿದ. ಬಟ್ಟೆಯಿಂದ ಒರೆಸುವಾಗ ಅವನ ಬೆರಳು ಮೂರು ಎಂಬ ಅಂಕಿಗೆ ತಾಗಿತು. ಪರದೆಯಲ್ಲಿ ಸೂರ್ಯ ಓಡಿದ. ಗುಡ್ಡದ ಮೇಲೆ ಕತ್ತಲಾಯಿತು, ಬೆಳಗಾಯಿತು, ಮತ್ತೆ ಕತ್ತಲಾಯಿತು. ಗೂಬೆ ಹೊತ್ತ ಮುದುಕಿಯೊಬ್ಬಳು ಬಾಗಿಲಿಗೆ ಬಂದದ್ದು, ನಿಂತದ್ದು, ತಿರುಗಿ ಹೋದದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯಿತು. ಖಲೀಲ ಗಾಬರಿಯಾಗಿ ಕೀಲಿಮಣೆಯ ತಂತಿ ಕಿತ್ತ, ಸೂರ್ಯ ನಿಲ್ಲಲಿಲ್ಲ. ಮತ್ತೆ ಸಿಕ್ಕಿಸಿ, ಕೈಗೆ ಬಂದದ್ದನ್ನೆಲ್ಲ ಒತ್ತಿ, ಒಂದು ಎಂಬ ಅಂಕಿ ಒತ್ತಿದಾಗ ಹಗಲು ತನ್ನ ಹಳೆಯ ನಡಿಗೆಗೆ ಬಂತು.

ಆ ಮುದುಕಿ ಖಲೀಲನ ಹತ್ತು ವರ್ಷದ ಮಗಳು ನೂರಿಯ ಪಾಲಿನ ಅತಿಥಿ. ಹುಡುಗಿ ಕೈಯಲ್ಲಿ ಚಹಾದ ಕಪ್ ಹಿಡಿದು ನಿಂತಿದ್ದಳು. “ಅಬ್ಬಾ, ನನ್ನ ಮಂದಿ ಹ್ವಾದ್ರು” ಎಂದಷ್ಟೇ ಅಪ್ಪನಿಗೆ ಅಂದಳು; ಇಲ್ಲಿ ಮಂದಿ ಎಂದರೆ ಅತಿಥಿ. ಖಲೀಲ ಅವತ್ತು ಊಟ ಮಾಡಲಿಲ್ಲ.

ಹೀಗೆ ನಮಗೆ ಗೊತ್ತಾಯಿತು. ನೀವು ಈ ಆಟವನ್ನು ಓಡಿಸಿಕೊಂಡು ಆಡುತ್ತಿದ್ದಿರಿ. ನಾವು ನಾಲ್ಕು ತಲೆಮಾರು ಆಡಿದ್ದನ್ನು ನೀವು ಕೆಲವೇ ಸಂಜೆಗಳಲ್ಲಿ ಮುಗಿಸಿ ಏಳುತ್ತಿದ್ದಿರಿ. ನಾನು ಮರುದಿನ ಗೋಡೆಯ ಮೇಲೆ ‘ಭಂಡಾರಕ್ಕೆ ವೇಗವಿದೆ ಎಂದು ತಿಳಿದುಬಂದಿದೆ’ ಎಂದು ಬರೆದೆ. ಮಂದಿ ಅದನ್ನು ಓದಿ ಸುಮ್ಮನೆ ಮುಂದೆ ಹೋದರು. ನಮಗೆಲ್ಲ ಸ್ವಲ್ಪ ನಾಚಿಕೆಯೂ ಆಗಿತ್ತು.

ಆದರೆ ಎರಡು ದಿನದಲ್ಲಿ ಎಲ್ಲರಿಗೂ ಒಂದೇ ಯೋಚನೆ ಹೊಳೆಯಿತು. ಅಂಕಿ ಒತ್ತಿದರೆ ನಂದನ ಇವತ್ತೇ ಬರುತ್ತದೆ. ಅತ್ತೆ ದೀಪದವನನ್ನು ನೋಡಿಯೇ ಹೋಗಬಹುದು. ನನಗಂತೂ ಬೇರೆ ಮಾತೇ ಇರಲಿಲ್ಲ. ಸಭೆ ಕೂಡಿಸಿದೆವು. ಎಲ್ಲರೂ ಒಪ್ಪಿದರು. “ಒತ್ತಿಬಿಡ್ರಿ. ನಾ ಸೋತೆ ಅಂತ ಅಕಿ ಕಣ್ಣಾರೆ ನೋಡ್ಲಿ” ಎಂದ ಬಕ್ಕಪ್ಪ ಕಾಕಾ. ಹಾಗೆ ಹೇಳುವಾಗ ಅವನ ದನಿ ಎಂದಿನಂತಿರಲಿಲ್ಲ.

ಅತ್ತೆಯನ್ನು ಮಂಚದ ಸಮೇತ ಪರದೆಯ ಮುಂದೆ ತಂದಿಟ್ಟೆವು. ನಾನು ವಿಷಯ ಹೇಳಿದೆ. ಅವಳು ಕಪಾಟಿನ ಆ ಖಾಲಿ ಜಾಗವನ್ನು ನೋಡಿದಳು. ಆಮೇಲೆ ಕೇಳಿದಳು:

“ನಡುವ ಬರೋ ಮಂದಿ?”

“ಯಾರಾದ್ರೂ ಬಂದ್ರ ಓಟ ನಿಲ್ಸೋಣ, ಅತ್ತಿ. ಚಹಾ ಕೊಟ್ಟೇ ಕಳಸೋಣ” ಎಂದೆ.

“ಯಾರು ಕೊಡೋದು?”

 ಮುಂದಿನ ನಾಲ್ಕು ವರ್ಷದ ಅತಿಥಿಗಳು ಆಗ ಆರು, ಏಳು, ಎಂಟು, ಒಂಬತ್ತು ವರ್ಷದ ಮಕ್ಕಳ ಪಾಲಿನವರು. ಅವರಲ್ಲಿ ಕೆಲವರಿಗೆ ಇನ್ನೂ ಓದಲು ಬರುತ್ತಿರಲಿಲ್ಲ.

“ಆ ಕೂಸುಗಳ ಮಂದಿಗಿ ನೀವು ಕೊಟ್ಟು ಮುಗಸ್ತೀರಿ. ಮುಂದ ಅವಕ್ಕ ಏನು ಉಳೀತು? ನಾ ಒಬ್ಬಾಂವನ ಕಾದು ಇಷ್ಟು ದಿನ ತೆಗದೀನಿ, ಸುಗಲಾ. ಭಾಳ ಛಲೋ ಹೋದ್ವು. ಅವರ ದಿನ ತಿಂದು ನಾ ಹೋಗಂಗಿಲ್ಲವ್ವಾ.”

ಬಕ್ಕಪ್ಪ ಕಾಕಾ ಏನೋ ಹೇಳಹೋದ. ಅತ್ತೆ ಅವನನ್ನು ಕಣ್ಣಿನಲ್ಲೇ ಸುಮ್ಮನಾಗಿಸಿ, ನೂರಿಯನ್ನು ಹತ್ತಿರ ಕರೆದಳು. “ನಿನ್ನ ಮುದುಕಿ ಹ್ವಾದ್ಳಂತಲ್ಲ. ನನ್ನಾಂವ ನಿನಗ. ಬಂದಾಗ ನೀ ಕುಂದುರು. ತಡ ಆಯ್ತಂತ ಬೈಬ್ಯಾಡ. ಸಕ್ಕರಿ ಜಾಸ್ತಿ ಹಾಕು, ದೂರದಿಂದ ಬಂದಿರ್ತಾನ.”

ಖಲೀಲ ಅವತ್ತೇ ಆ ಅಂಕಿಗಳನ್ನು ಕಿತ್ತು ನೀರಿಗೆ ಹಾಕಿದ. ಅತ್ತೆ ಆ ವರ್ಷದ ಮಳೆ ಕಂಡಳು. ಹಿಂಗಾರಿಯ ಬಿತ್ತನೆ ಹೊತ್ತಿಗೆ ತೀರಿಕೊಂಡಳು. ಗೋಡೆಯ ಮೇಲೆ ಅವಳ ಹೆಸರು, ವಯಸ್ಸು ಬರೆದೆ. ಸುಣ್ಣ ಸಾಕಾಗಲಿಲ್ಲ, ಎರಡು ಸಲ ಕಲಸಿಕೊಂಡೆ.

ಭಂಡಾರದಲ್ಲಿ ಮತ್ತೆ ನಂದನ ಸಂವತ್ಸರ ಬಂದದ್ದು ಈ ವರ್ಷ. ದೀಪದವನು ಬಂದದ್ದು ಮೊನ್ನೆ ಸೋಮವಾರ ಮಧ್ಯಾಹ್ನ. ಅವನ ಲಾಂದ್ರದಲ್ಲಿ ಈಗ ಉರಿಯಿತ್ತು, ಹಿಂದೆ ನೆರಳಿರಲಿಲ್ಲ. ಸುರಂಗದ ಈ ತುದಿಯಿಂದ ಆ ತುದಿಗೆ ಸುದ್ದಿ ಹೋಗಿ ಎಲ್ಲರೂ ನೆರೆದರು. ಹದಿನಾಲ್ಕರ ನೂರಿ ಕೂತಿದ್ದಳು, ಪಕ್ಕದಲ್ಲಿ ಸಕ್ಕರೆ ಹೆಚ್ಚು ಹಾಕಿದ ಚಹಾ. ಅವನು ಪುಸ್ತಕವನ್ನು ಮೇಜಿನ ಮೇಲಿಟ್ಟ. ಪರದೆಯಲ್ಲಿ ‘ತಂದಿದ್ದೇನೆ. ತಡವಾಯಿತೆ?’ ಎಂಬ ಸಾಲು ಬಂತು. ಕೆಳಗೆ ಎರಡು ಉತ್ತರಗಳಿದ್ದವು. ಒಂದು, ‘ಹೌದು, ತಡವಾಯಿತು.’ ಇನ್ನೊಂದು, ‘ಇಲ್ಲ, ಒಳಗೆ ಬನ್ನಿ.’

ನಡೆದದ್ದನ್ನು ಬರೆಯುವವಳಾಗಿ ಹೇಳಬೇಕಾದರೆ, ಮೊದಲನೆಯದೇ ನಿಜ. ನೂರಿಯ ಬೆರಳು ಎರಡರ ನಡುವೆ ನಿಂತುಬಿಟ್ಟಿತು. ಅವಳು ತಿರುಗಿ ನಮ್ಮನ್ನು ನೋಡಿದಳು.  ಹಿಂದಿನಿಂದ ಬಕ್ಕಪ್ಪ ಕಾಕಾ ಹೇಳಿದ: “ಇಲ್ಲ ಅನ್ನು ತಾಯಿ. ಬೈಬ್ಯಾಡಂತ ಹೇಳ್ಯಾಳಲ್ಲ ಅಕಿ.”

ನೂರಿ ಎರಡನೆಯದನ್ನು ಒತ್ತಿದಳು. ದೀಪದವನು ಒಳಗೆ ಬಂದು ಕೂತ. ಪುಸ್ತಕ ತನ್ನ ಜಾಗಕ್ಕೆ ಹೋಯಿತು. ಬಕ್ಕಪ್ಪ ಕಾಕಾ ಯಾರಿಗೂ ಹೇಳದೆ ಎದ್ದು, ಬೆಳಕು ಇನ್ನೂ ಬಾವಿಯ ತಳದಲ್ಲಿರುವಾಗಲೇ, ತಲೆಗೊಂದು ಒದ್ದೆ ಬಟ್ಟೆ ಸುತ್ತಿಕೊಂಡು ಮೆಟ್ಟಿಲು ಹತ್ತಿದ. ಎಪ್ಪತ್ತು ವರ್ಷದ ಮುದುಕ, ಆ ಬಿಸಿಲಿನಲ್ಲಿ. ತಡೆಯಲು ಓಡಿದವರಿಗೆ ಸಿಗಲಿಲ್ಲ. ತಿರುಗಿ ಬಂದಾಗ ಅವನ ಕೈಯಲ್ಲಿ ಆ ಸಾಣಿಗಿ ಇತ್ತು. ಪರದೆಯ ಪಕ್ಕದ ಮೊಳೆಗೆ ಅದನ್ನು ತೂಗುಹಾಕಿ, ತನ್ನ ಎಂದಿನ ಜಾಗದಲ್ಲಿ ಕೂತ. ಯಾರೂ ನಗಲಿಲ್ಲ. ನೂರಿ ಪರದೆಯ ಮುಂದಿನ ಚಹಾ ತಾನು ಕುಡಿಯದೆ ಅವನಿಗೆ ಕೊಟ್ಟಳು.

‘ತಡವಾಯಿತೆ?’ ಎಂಬ ಆ ಸಾಲು ಯಾರಿಗಾದರೂ ಹಾಗೆಯೇ ಬರುತ್ತದೆ, ಗೊತ್ತು. ನಿಮ್ಮಲ್ಲಿ ಯಾರೋ ಒಬ್ಬರು ಒಂದು ದಿನ ಕೂತು ಅದನ್ನು ಬರೆದಿರಬೇಕು. ಯಂತ್ರಕ್ಕೆ ನಮ್ಮ ಅತ್ತೆ ಗೊತ್ತಿಲ್ಲ. ಹಾಗೆ ಬರೆದವರು ನೀವೇ ಆಗಿದ್ದರೆ, ಬರೆದದ್ದು ಮುಟ್ಟಿತು ಎಂದು ತಿಳಿಸಬೇಕೆನಿಸಿತು. ಆಡಿದವರಾಗಿದ್ದರೆ ಒಂದು ಕೋರಿಕೆ. ನೀವು ಅವನನ್ನು ಒಂದೇ ಸಂಜೆಯಲ್ಲಿ ಕಳಿಸಿ, ಅದೇ ಸಂಜೆ ತಿರುಗಿ ಕಂಡಿರುತ್ತೀರಿ. ಅವನು ಕೇಳಿದ್ದನ್ನು ಓದದೆಯೇ ಕೈಗೆ ಸಿಕ್ಕ ಉತ್ತರ ಒತ್ತಿರಲೂಬಹುದು. ಆಟ ಇನ್ನೂ ನಿಮ್ಮ ಹತ್ತಿರವಿದ್ದರೆ ಮತ್ತೊಮ್ಮೆ ತೆರೆಯಿರಿ. ಓಡಿಸಿಯೇ ಆಡಿ, ನಮ್ಮ ಅಡ್ಡಿಯಿಲ್ಲ. ಅವನು ಬಂದಾಗ ಮಾತ್ರ ಓಟವನ್ನು ಸ್ವಲ್ಪ ನಿಲ್ಲಿಸಿ, ಅವನನ್ನು ಒಳಗೆ ಕರೆಯಿರಿ. ಬೀಗ ಹಾಕಿದ ಇನ್ನುಳಿದ ಕೋಣೆಗಳಲ್ಲಿ ಏನಿದೆ ಎಂದು ನಿಮಗೆ ಗೊತ್ತಿರುತ್ತದೆ. ದಯವಿಟ್ಟು ನಮಗೆ ಹೇಳಬೇಡಿ. ಪಾಳಿಗೆ ಮಕ್ಕಳಿದ್ದಾರೆ.

ಬೆಳಕು ಬಾವಿಯ ಅಂಚಿಗೆ ಬಂತು. ಮಂದಿ ಗಂಟು ಕಟ್ಟುತ್ತಿದ್ದಾರೆ. ನಾನೂ ಏಳುತ್ತೇನೆ.

ಸುಗಲಾ
ಗೋಡೆಪತ್ರಿಕೆ, ಕೆಳಪೇಟೆ