ಏಳು ವರ್ಷದ ಅಮ್ಮ

ಜೂನ್ ೧೧, ಬುಧವಾರ
ಮಧ್ಯಾಹ್ನ, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತು

ಪ್ರೀತಿಯ ಪಾಪು,

ಅಮ್ಮ ಮಾಡುವ ಆಶೀರ್ವಾದಗಳು ಎಂದು ಶುರು ಮಾಡಲು ಪೆನ್ನು ತೆಗೆದೆ. ಆದರೆ ಸದ್ಯದ ದಾಖಲೆಗಳ ಪ್ರಕಾರ ನನಗೆ ಏಳು ವರ್ಷ, ನೀನು ನನ್ನ ಪೋಷಕಿ. ಹಾಗಾಗಿ ಯಾರು ಯಾರಿಗೆ ಆಶೀರ್ವಾದ ಮಾಡಬೇಕು ಎಂಬುದನ್ನು ಪತ್ರ ಪೂರ್ತಿ ಓದಿ ನೀನೇ ತೀರ್ಮಾನ ಮಾಡು.

ಗಾಬರಿಯಾಗುವಂಥದ್ದು ಏನೂ ಇಲ್ಲ. ನಾನು ಚೆನ್ನಾಗಿದ್ದೇನೆ, ಕಾರು ಚೆನ್ನಾಗಿದೆ, ಮನೆ ಇದ್ದಲ್ಲೇ ಇದೆ. ವಿಷಯ ಇಷ್ಟೇ. ಭಾನುವಾರ ಸಂಜೆ ಏಳು ಗಂಟೆಗೆ ನಾನು ಒಂದು ಲಾರಿಯ ತುಂಬ ಗಾಜಿನ ಹಲಗೆ ಹೇರಿಕೊಂಡು ಬೆಟ್ಟ ಹತ್ತಿ ಇಳಿಯಬೇಕಾಗಿದೆ. ಫೈನಲ್ ಕಣೇ. ಅದಕ್ಕೆ ನಿನ್ನ ಒಪ್ಪಿಗೆ ಬೇಕು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈಚೆಗೆ ನಮ್ಮಿಬ್ಬರ ಫೋನು "ಊಟ ಆಯ್ತಾ", "ಏನ್ ಮಾಡ್ತಿದ್ದೆ" ಎನ್ನುವಲ್ಲಿಗೆ ಮುಗಿದುಹೋಗುತ್ತದೆ. ಮೂರನೆಯ ಮಾತಿಗೆ ನನ್ನ ಬಾಯಿ ನನ್ನ ಹಿಡಿತದಲ್ಲಿ ಇರುವುದಿಲ್ಲ. ಕಾಗದವಾದರೆ ಹರಿದು ಹಾಕಿ ಇನ್ನೊಂದು ಬರೆಯಬಹುದು. ಆಗಲೇ ಎರಡು ಹರಿದಿದ್ದೇನೆ.

ಮೊದಲಿಂದ ಹೇಳುತ್ತೇನೆ. ನೀನು ಆ ಟವರ್ ಕ್ರೇನ್ ನಡೆಸುವ ಕೆಲಸಕ್ಕೆ ಹೊರಟ ದಿನ ನಿನ್ನ ಗೇಮಿಂಗ್ ಕನ್ಸೋಲನ್ನು ಟೀವಿಯ ಕೆಳಗೇ ಬಿಟ್ಟು ಹೋದೆ. ನಾನು "ಹೋಗಿ ಬಾ" ಎನ್ನಲಿಲ್ಲ, ನೀನು "ಬರ್ತೀನಿ" ಎನ್ನಲಿಲ್ಲ. ಆ ಕಪ್ಪು ಪೆಟ್ಟಿಗೆ ಮಾತ್ರ ಒಂದು ಕೆಂಪು ದೀಪ ಉರಿಸಿಕೊಂಡು ನನ್ನನ್ನೇ ನೋಡುತ್ತ ಕೂತಿತ್ತು. ಒಂದು ದಿನ ಧೂಳು ಒರೆಸುವಾಗ ಬೆರಳು ತಾಗಿ ಆನ್ ಆಯಿತು. (ಇದು ಸುಳ್ಳು. ನಾನೇ ಆನ್ ಮಾಡಿದೆ. ಸಂಜೆಯೆಲ್ಲ ಅದರ ಮುಂದೆ ಕೂತು ನೀನು ಏನು ನೋಡುತ್ತಿದ್ದೆ ಎಂದು ನನಗೂ ನೋಡಬೇಕಿತ್ತು.)

ಹೊಸ ಖಾತೆ ತೆರೆಯಿರಿ ಎಂದಿತು. ಹೆಸರು ಕೇಳಿತು, 'ಎರಡನೇ ಬ್ರೇಕ್' ಎಂದು ಕೊಟ್ಟೆ. ಇಷ್ಟು ವರ್ಷ ಕಲಿಯುವವರ ಪಕ್ಕದ ಸೀಟಿನಲ್ಲಿ, ಕಾಲ ಕೆಳಗೆ ನನ್ನದೇ ಒಂದು ಬ್ರೇಕ್ ಇಟ್ಟುಕೊಂಡು ಸಂಸಾರ ನಡೆಸಿದವಳಿಗೆ ಬೇರೆ ಹೆಸರು ಹೊಳೆಯಲಿಲ್ಲ. ಆಮೇಲೆ ದಿನ, ತಿಂಗಳು, ವರ್ಷ ಎಂದು ದೊಡ್ಡದಾಗಿ ಮೂರು ಖಾನೆ ಬಂದವು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಏನು ಬರೆದಿತ್ತೋ, ದೂರದ್ದು ನೋಡುವ ಕನ್ನಡಕ ಕಾರಿನಲ್ಲಿತ್ತು. ನನ್ನ ಅಭ್ಯಾಸ ನಿನಗೆ ಗೊತ್ತಲ್ಲ. ಯಾವ ಯಂತ್ರದ ಅರ್ಜಿ ಕೈಗೆ ಬಂದರೂ ಮೊದಲು ತುಂಬುವುದು ಅದು ತಯಾರಾದ ದಿನಾಂಕ. ಗಾಡಿಗಳ ಕಾಗದ ತುಂಬಿ ತುಂಬಿ ಅದು ಕೈಗೆ ಅಂಟಿಬಿಟ್ಟಿದೆ. ಪೆಟ್ಟಿಗೆಯನ್ನು ಎತ್ತಿ, ಮಗುಚಿ, ತಳದ ಸ್ಟಿಕ್ಕರನ್ನು ಟಾರ್ಚ್ ಹಿಡಿದು ಓದಿ, ಒಂದು ಅಂಕಿಯೂ ತಪ್ಪದ ಹಾಗೆ ತುಂಬಿದೆ. ಬಹಳ ಅಚ್ಚುಕಟ್ಟಾಗಿ ಕೆಲಸ ಮಾಡಿದೆ ಎಂದು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಅದು ಕೇಳಿದ್ದು ನನ್ನ ಹುಟ್ಟಿದ ದಿನವಂತೆ.

ಕೂಡಲೇ ಒಂದು ಕರಡಿಮರಿ ಬಂದು, ಮನೆಯಲ್ಲಿ ದೊಡ್ಡವರಿದ್ದರೆ ಕರೆಯಿರಿ ಎಂದಿತು. ನಾನು ಹಿಂದೆ ತಿರುಗಿ ನೋಡಿದೆ. ಯಾರಿದ್ದಾರೆ ಮನೆಯಲ್ಲಿ? ದೊಡ್ಡವರ ಪಟ್ಟಿಯಲ್ಲಿ ನಿನ್ನ ಖಾತೆ ಒಂದೇ ಇತ್ತು, ಅದಿನ್ನೂ ತೆರೆದೇ ಇತ್ತು. ಒತ್ತಿದೆ. ಸೇವಾ ಷರತ್ತುಗಳು ಉದ್ದಕ್ಕೆ ಬಿಚ್ಚಿಕೊಂಡವು. ತಳದವರೆಗೆ ಜಾರಿಸಿ, ನಿನ್ನ ಪರವಾಗಿ ನಾನೇ ಒಪ್ಪಿಕೊಂಡೆ. ಹೀಗೆ ನೀನು ನನ್ನ ಪೋಷಕಿಯಾದೆ. ನಿನ್ನನ್ನು ಕೇಳದೆ ಮಾಡಬಾರದಿತ್ತು ನಿಜ. ಆದರೆ ಆ ಲಾರಿ ಅಷ್ಟು ಚೆನ್ನಾಗಿತ್ತು.

ಲಾರಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ಆಟದಲ್ಲಿ ನಾಲ್ಕು ಜನರದು ಒಂದು ತಂಡ. ನಾಲ್ಕು ಲಾರಿ, ಒಂದರ ಹಿಂದೆ ಒಂದು, ಬೆಟ್ಟದ ದಾರಿ. ಬೇಗ ಹೋದವರು ಗೆಲ್ಲುವುದಿಲ್ಲ, ಸರಕು ಒಡೆಯದ ಹಾಗೆ ಮುಟ್ಟಿಸಿದವರು ಗೆಲ್ಲುತ್ತಾರೆ. ಇದನ್ನು ಮಾಡಿದವರು ನನ್ನನ್ನು ನೋಡಿಯೇ ಮಾಡಿದರೇನೋ ಎನ್ನಿಸಿತು. ನನ್ನ ತಂಡದಲ್ಲಿ 'ಹಲ್ಲುಡಾಕ್ಟರು', 'ಬೆಕ್ಕಿನಮ್ಮ', 'ನಿಧಾನ' ಎಂಬ ಮೂವರಿದ್ದಾರೆ. ಯಾರೋ ಎಲ್ಲಿಯವರೋ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಹಾಗೂ ಇಲ್ಲ. ಏಳು ವರ್ಷದ ಮಕ್ಕಳು ಅಪರಿಚಿತರ ಜೊತೆ ಮಾತಾಡಬಾರದು ಎಂದು ನನ್ನ ಮೈಕನ್ನೂ ಅವರ ದನಿಯನ್ನೂ ಬಂದ್ ಮಾಡಿಟ್ಟಿದ್ದಾರೆ. ಹಾರನ್ನು, ಇಂಡಿಕೇಟರು, ಹೆಡ್‌ಲೈಟು, ಇಷ್ಟೇ ನನ್ನ ಬಾಯಿ. ನಾನು ಬಾಯಿ ಮುಚ್ಚಿಕೊಂಡು ಕಲಿಸಿದ್ದು ಜನ್ಮದಲ್ಲಿ ಇದೇ ಮೊದಲು, ನೀನು ನಗುತ್ತೀಯ ಎಂದು ಗೊತ್ತು.

ಶುರುವಿನಲ್ಲಿ ಯಾರೂ ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ಸಲ ನಾನು ತಿರುವಿನಲ್ಲಿ ಬ್ರೇಕ್ ಲೈಟ್ ಕೊಟ್ಟರೂ ಬೆಕ್ಕಿನಮ್ಮ ನುಗ್ಗಿದಳು, ಒಂದು ಲಾರಿ ಮೊಟ್ಟೆ ಕಣಿವೆಯ ಪಾಲಾಯಿತು. ಅವತ್ತಿನಿಂದ ಮೂವರೂ ದಾರಿಗೆ ಬಂದರು. ಈಗ ನಾನೇ ಮುಂದಿನ ಲಾರಿ. ನಾನು ಎಡ ಇಂಡಿಕೇಟರ್ ಹಾಕಿದರೆ ಹಿಂದೆ ಸಾಲಾಗಿ ಮೂರು ಎಡ ಇಂಡಿಕೇಟರ್ ಮಿಣುಕುತ್ತವೆ. ಅದನ್ನು ಕನ್ನಡಿಯಲ್ಲಿ ನೋಡುವ ಸಂತೋಷವನ್ನು ನಿನಗೆ ಹೇಗೆ ಹೇಳಲಿ. ಸೆಮಿಫೈನಲಿನಲ್ಲಿ ಕೊನೆಯ ಇಳಿಜಾರು ದಾಟಿದಾಗ ಸೋಫಾದ ಮೇಲೆ ಹತ್ತಿ ನಿಂತು ಕೂಗಿಬಿಟ್ಟೆ. ಪಕ್ಕದ ಮನೆಯ ಟೈಲರ್ ಓಡಿಬಂದು ಬಾಗಿಲು ತಟ್ಟಿ, "ಏನಾಯ್ತಕ್ಕ, ಇಲಿ ಬಂತಾ" ಅಂತ ಕೇಳಿದರು. ಹೂಂ ಅಂದೆ. ಪಾಪ, ಮಾರನೇ ದಿನ ಒಂದು ಬೋನು ತಂದುಕೊಟ್ಟಿದ್ದಾರೆ. ಅದು ಈಗ ಕಂಟ್ರೋಲರ್ ಇಡುವ ಜಾಗವಾಗಿದೆ.

ಇನ್ನು ತೊಂದರೆಯ ವಿಷಯ. ಮೊನ್ನೆ ಸೋಮವಾರ ಆನ್ ಮಾಡಿದರೆ, ಷರತ್ತುಗಳು ಬದಲಾಗಿವೆ, ಹೊಸದನ್ನು ಓದಿ ಎಂದು ಬಂತು. ರಸ್ತೆ ನಿಯಮದ ಪುಸ್ತಕವನ್ನು ಒಂದಕ್ಷರ ಬಿಡದೆ ಓದಿಸುವವಳು ನಾನು, ಹೋದ ಸಲ ಓದದೆ ಒಪ್ಪಿದ್ದು ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಕಾರಿನಿಂದ ಕನ್ನಡಕ ತಂದು, ಟೀ ಮಾಡಿಕೊಂಡು, ಪರದೆಯ ಮುಂದೆ ಗಟ್ಟಿಯಾಗಿ ಕೂತೆ. ಎಂಥೆಂಥ ಮಾತುಗಳಿವೆ ಗೊತ್ತಾ ಅದರಲ್ಲಿ. ನನ್ನ ಲಾರಿ ನನ್ನದಲ್ಲವಂತೆ, ಓಡಿಸುವ ಅನುಮತಿ ಮಾತ್ರ ನನ್ನದಂತೆ. ಅದಕ್ಕೆ ಬಳಿಸಿದ ಹಳದಿ ಬಣ್ಣವೂ ನನ್ನದಲ್ಲ. ಅವರು ಬೇಕೆಂದ ದಿನ ಸೇವೆ ನಿಲ್ಲಿಸಬಹುದಂತೆ. ಪೆಟ್ಟಿಗೆ ಮಾತ್ರ ಪೂರ್ತಿ ನಮ್ಮದು, ಗಾಳಿಗೆ ಬಾಗಿಲು ಬಡಿಯದ ಹಾಗೆ ಅಡ್ಡ ಇಟ್ಟುಕೊಳ್ಳಬಹುದು. ಆಯಿತು, ಅದನ್ನೂ ಒಪ್ಪಿದೆ. ಆದರೆ ನಾನು ಒಪ್ಪಿದರೆ ಸಾಲದಂತೆ. ಮಕ್ಕಳ ಖಾತೆಗಳಿಗೆ ಪೋಷಕರು ತಮ್ಮ ಸ್ವಂತ ಫೋನಿನಿಂದ ಮತ್ತೆ ಒಪ್ಪಿಗೆ ಕೊಡಬೇಕು. ಶನಿವಾರದೊಳಗೆ ಕೊಡದಿದ್ದರೆ ಮಗು ಹೊರಗೆ. ನಿನಗೆ ಮೇಲ್ ಬಂದಿರಬೇಕು, ಜಾಹೀರಾತು ಎಂದು ಅಳಿಸಿದ್ದರೆ ದಯವಿಟ್ಟು ಕಸದ ಬುಟ್ಟಿಯಿಂದ ಎತ್ತು.

ಓದು ಅಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರ ಅರ್ಧ ಹಾಳೆಯಲ್ಲಿ ಮುಗಿಯುತ್ತಿತ್ತು. ಮುಂದೆ ಓದಿದೆ. ಮಗು ಯಾವ ಆಟವನ್ನು ಎಷ್ಟು ಹೊತ್ತು ಆಡಿತು ಎಂಬ ವರದಿ ಹಿಂದಿನಂತೆಯೇ ವಾರಕ್ಕೊಮ್ಮೆ ಪೋಷಕರಿಗೆ ಹೋಗುತ್ತದೆ ಎಂದಿತ್ತು. ಕೈಯಲ್ಲಿದ್ದ ಟೀ ಹಾಗೇ ನಿಂತಿತು. ಅಂದರೆ ಇಷ್ಟು ತಿಂಗಳೂ ನಿನಗೆ ಗೊತ್ತು. "ಏನ್ ಮಾಡ್ತಿದ್ದೆ" ಅಂತ ನೀನು ಕೇಳಿದಾಗಲೆಲ್ಲ ನಾನು "ಬಟ್ಟೆ ಮಡಿಸ್ತಿದ್ದೆ" ಅಂದದ್ದು ನೆನಪಾಗಿ ಒಬ್ಬಳೇ ಕೂತು ಮುಖ ಮುಚ್ಚಿಕೊಂಡೆ. ಎಷ್ಟು ಬಟ್ಟೆ ಮಡಿಸಿದೆ ಅಂತ ನಿನ್ನ ಹತ್ತಿರ ಲೆಕ್ಕವೇ ಇದೆ.

ಅದರ ಕೆಳಗೆ ಇನ್ನೊಂದು ಸಾಲಿತ್ತು. ಆಟದ ಅವಧಿಯನ್ನು ಪೋಷಕರು ಮಾತ್ರ ಬದಲಿಸಬಹುದು.

ನನಗೆ ಮೊದಲು ದಿನಕ್ಕೆ ಅರ್ಧ ಗಂಟೆ ಸಿಗುತ್ತಿತ್ತು. ಬೆಟ್ಟ ಹತ್ತುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಒಂದು ದಿನ ತಾನಾಗಿ ಒಂದು ಗಂಟೆಯಾಯಿತು. ಆಮೇಲೆ ಎರಡಾಯಿತು. ನನ್ನ ಶಿಸ್ತು ನೋಡಿ ಯಂತ್ರವೇ ಮೆಚ್ಚಿಕೊಂಡಿದೆ ಎಂದು ಬೀಗಿದ್ದೆ, ಕಲಿಯುವವರಿಗೆ ನಾನು "ಇನ್ನು ಮೇನ್ ರೋಡಿಗೆ ಬನ್ನಿ" ಅನ್ನುತ್ತೇನಲ್ಲ, ಹಾಗೆ. ಯಂತ್ರವಲ್ಲ, ನೀನು. ಈ ಕಡೆ ಎರಡು ಮಾತಾಡಿ ಫೋನ್ ಇಡುತ್ತಿದ್ದವಳು, ಆ ಕಡೆ ಕೂತು ಅಮ್ಮನಿಗೆ ಇನ್ನೊಂದಿಷ್ಟು ಹೊತ್ತು ಆಡಲು ಬಿಡುತ್ತಿದ್ದೆ. ನನಗೆ ಅಳು ಬಂತು ಪಾಪು. ತುಂಬ ಸಂತೋಷದ ಅಳು, ಆದರೂ ಅಳುವೇ.

ಕ್ರೇನಿನ ವಿಷಯ ಎತ್ತಬಾರದು ಎಂದೇ ಕೂತಿದ್ದೆ. ಎತ್ತುತ್ತೇನೆ. ನಿನಗೆ ಸರ್ಟಿಫಿಕೇಟು ಸಿಕ್ಕ ದಿನ "ಒಂದು ಸಲ ಬಂದು ನೋಡಮ್ಮ" ಅಂದೆ, ನಾನು "ಕೆಳಗೆ ಇಳಿದು ಬಂದ ಮೇಲೆ ಮಾತಾಡು" ಅಂದೆ. ಹೆಣ್ಣು ಮಗಳಿಗೆ ಈ ಕೆಲಸ ಯಾಕೆ ಎಂದು ನಾನು ಅಂದುಕೊಂಡವಳಲ್ಲ, ಅದು ನಿನಗೂ ಗೊತ್ತು. ಆ ಎತ್ತರದ ಕ್ಯಾಬಿನ್ನಿನಲ್ಲಿ ಒಂದೇ ಸೀಟು. ನಾನು ಪಕ್ಕದಲ್ಲಿ ಕೂರುವ ಜಾಗವೇ ಇಲ್ಲ. ನೀನು ಹಾಗೆ ಒಬ್ಬಳೇ ಮೇಲಿರುವುದು ನನಗೆ ಈಗಲೂ ಇಷ್ಟವಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಇಷ್ಟವೇ ಬೇರೆ, ಒಪ್ಪಿಗೆಯೇ ಬೇರೆ. ಇಷ್ಟು ವಯಸ್ಸಾದ ಹೆಂಗಸು ಟೀವಿ ಮುಂದೆ ಕೂತು ಲಾರಿ ಓಡಿಸುವುದು ನಿನಗೂ ಇಷ್ಟವಾಗಿರಲಿಕ್ಕಿಲ್ಲ, ಆದರೂ ನೀನು ಬಿಟ್ಟೆ. ನಾನು ಬಿಡಲಿಲ್ಲ. ಈಗ ಹೇಳುತ್ತಿದ್ದೇನೆ, ನನ್ನ ಒಪ್ಪಿಗೆ ಇದೆ. ಬೇಗ ಹೇಳಬೇಕಿತ್ತು. ನೀನು ಕಬ್ಬಿಣದ ತೊಲೆಯನ್ನು ಹೇಗೆ ಅಲುಗಾಡದ ಹಾಗೆ ಇಳಿಸುತ್ತೀಯ ಎಂದು ನನಗೆ ನೋಡಬೇಕು. ಗಾಜು ಇಳಿಸುವವಳಿಗೆ ಅದರ ಕಷ್ಟ ಸ್ವಲ್ಪ ಗೊತ್ತು.

ಸರಿ, ಕೆಲಸದ ಮಾತಿಗೆ ಬರುತ್ತೇನೆ. ಒಂದು, ಆ ಮೇಲ್ ಹುಡುಕಿ ಒಪ್ಪಿಗೆ ಒತ್ತು. ಎರಡು, ದಿನಾ ಎಂಟು ಗಂಟೆಗೆ ನನ್ನ ಪರದೆಯ ಮೇಲೆ ಒಬ್ಬ ಚಂದ್ರ ಬಂದು ಆಕಳಿಸಿ, ಮಲಗುವ ಹೊತ್ತಾಯಿತು ಎಂದು ಲಾರಿ ನಿಲ್ಲಿಸಿಬಿಡುತ್ತಾನೆ. ಫೈನಲ್ ಮುಗಿಯಲು ಒಂಬತ್ತು ದಾಟುತ್ತದೆ. ಬೆಟ್ಟದ ನಡುವೆ ನಾನು ನಿಂತರೆ ಹಿಂದಿನ ಮೂವರೂ ನಿಲ್ಲಬೇಕು, ಹಲ್ಲುಡಾಕ್ಟರು ನನ್ನ ಬಗ್ಗೆ ಏನು ತಿಳಿದುಕೊಂಡಾರು. ಭಾನುವಾರ ಒಂದು ದಿನ ಆಟದ ಹೊತ್ತನ್ನು ಮೂರು ಗಂಟೆ ಮಾಡಿ, ನನ್ನನ್ನು ಹತ್ತು ಗಂಟೆವರೆಗೆ ಎದ್ದಿರಲು ಬಿಡು. ಸೋಮವಾರ ಬೆಳಿಗ್ಗೆ ಹೇಳಿದ ಹೊತ್ತಿಗೆ ಏಳುತ್ತೇನೆ, ಹಟ ಮಾಡುವುದಿಲ್ಲ.

ಮುಂದಿನ ಪಾಠಕ್ಕೆ ಹೊತ್ತಾಯಿತು. ಕಾರಿನ ಹೊರಗೆ ಒಬ್ಬರು ಬಂದು ನಿಂತು, ಮೇಡಂ ಏನು ಒಬ್ಬರೇ ನಗುತ್ತಿದ್ದಾರೆ ಎಂದು ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದಾರೆ.

ನೀನು ಹೇಳಿದ ಮಾತು ಕೇಳುವ,
ಅಮ್ಮ
(ದಾಖಲೆಯಲ್ಲಿ ನಿನ್ನ ಮಗು)

ಮರೆತ ಮಾತು: ಕೊರಿಯರಿನ ಕವರ್ ಅಂಟಿಸುವ ಮುಂಚೆ ಇದನ್ನು ಸೇರಿಸುತ್ತಿದ್ದೇನೆ. ಸೋಮವಾರವೇ ಗ್ರಾಹಕ ಸೇವೆಯವರಿಗೆ ನನ್ನ ಲೈಸೆನ್ಸಿನ ಪ್ರತಿ ಕಳಿಸಿದ್ದೆ, ಅದನ್ನು ಮೇಲೆ ಬರೆಯಲಿಲ್ಲ. ಇವತ್ತು ಸಂಜೆ ಅಲ್ಲಿಂದ ಒಬ್ಬ ಹುಡುಗಿ ಫೋನ್ ಮಾಡಿದಳು. ವಯಸ್ಸು ಸರಿಮಾಡಿದ್ದಾರಂತೆ. "ಈಗ ನಿಮಗೆ ಯಾರ ಒಪ್ಪಿಗೇನೂ ಬೇಡ ಮೇಡಂ, ಟೈಮಿನ ಮಿತೀನೂ ಇರಲ್ಲ. ಮಗಳ ಉಸ್ತುವಾರಿ ತೆಗೆದುಬಿಡ್ಲಾ? ದೊಡ್ಡವರು ಇಷ್ಟಪಟ್ರೆ ಉಸ್ತುವಾರೀಲೇ ಇರಬಹುದು, ಆದ್ರೆ ಯಾರೂ ಇರಲ್ಲ" ಅಂದಳು. ಇರ್ತೀನಿ ಅಂದೆ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಅವಳು ಮತ್ತೆ ಕೇಳಿದಳು, ನಾನು ಮತ್ತೆ ಅದನ್ನೇ ಹೇಳಿದೆ. ಹಾಗಾಗಿ ಭಾನುವಾರ ಎಂಟು ಗಂಟೆಗೆ ನನ್ನ ಲಾರಿ ನಿಲ್ಲುವುದೋ ಮುಂದೆ ಹೋಗುವುದೋ ಈಗಲೂ ನಿನ್ನ ಕೈಯಲ್ಲೇ ಇದೆ.