ಎರಡೂ ಕಡೆಗೆ ಎಣ್ಣೆ

ಪ್ರೀತಿಯ ಭಾವನವರೇ,

ಈ ಇಡೀ ಪ್ರಕರಣಕ್ಕೆ ತಗುಲಿದ ಬೆಲೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಬರೆದರೆ ನೀವು ಅರ್ಧಕ್ಕೇ ಮಡಚಿಡುತ್ತೀರಿ. ನೀವು ಮಾಡಿಕೊಟ್ಟ ತರಕಾರಿ ಹೆಚ್ಚುವ ಮಣೆಗಳಲ್ಲಿ ಬಾಗಿಹೋಗಿ ನನ್ನ ಅಂಗಡಿಗೆ ವಾಪಸು ಬಂದದ್ದು ಹನ್ನೊಂದು. ನಾವಿಬ್ಬರೂ ಮಾತಿಲ್ಲದೆ ಕಳೆದದ್ದು ಹದಿನಾಲ್ಕು ತಿಂಗಳು. ಆ ಹದಿನಾಲ್ಕು ತಿಂಗಳಲ್ಲಿ ನಿಮ್ಮ ತಂಗಿ ನನ್ನ ಮುಂದೆ ಕುಕ್ಕಿದ ಕಾಫಿ ಲೋಟಗಳಿಗೆ ಲೆಕ್ಕವಿಟ್ಟಿಲ್ಲ. ಇಷ್ಟಕ್ಕೂ ಕಾರಣ ನಿಮ್ಮ ಮರವಲ್ಲ, ನಾನು.

ಮಾತು ಮುರಿದ ಆ ಶನಿವಾರ ಅಂಗಡಿ ತುಂಬ ಜನ. ಹೋಟೆಲಿನ ಅಡುಗೆಯವರು ತಂದ ಮಣೆ ಗಲ್ಲಾದ ಮೇಲೆ ತೊಟ್ಟಿಲಿನ ಹಾಗೆ ತೂಗುತ್ತಿತ್ತು. "ಹಸಿ ಮರ ಕೊಟ್ಟು ನನ್ನ ಅಂಗಡಿ ಮುಳುಗಿಸ್ತಿದೀರಿ" ಎಂದೆ, ಎಲ್ಲರಿಗೂ ಕೇಳುವಂತೆ. ಬಡಗಿಗೆ ಅದಕ್ಕಿಂತ ಕೆಟ್ಟ ಮಾತಿಲ್ಲ ಎಂದು ಗೊತ್ತಿದ್ದೇ ಅಂದೆ. ನೀವು ಮಣೆಯನ್ನು ಒಮ್ಮೆ ತಿರುಗಿಸಿ ನೋಡಿದಿರಿ. "ಮರ ಒಣಗೋಕೆ ಎರಡು ವರ್ಷ ನೆರಳು ಕೊಟ್ಟಿದೀನಿ. ನಿಮಗೆ ಎರಡು ನಿಮಿಷ ತಾಳ್ಮೆ ಇಲ್ವಲ್ಲ." ಅಷ್ಟೇ ಅಂದು ಮೆಟ್ಟಿಲಿಳಿದಿರಿ. ಈಗ ಯಾವುದೋ ಗೋದಾಮಿನಲ್ಲಿ ಸಾಮಾನು ತುಂಬುವ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತೀರಂತೆ. ಉಳಿಯ ತುದಿಯಿಂದ ಮರದ ನರನರದ ಗುಣ ಓದುತ್ತಿದ್ದ ಕೈ!

ಹೋದ ಭಾನುವಾರ ಹನ್ನೊಂದನೆಯ ಮಣೆಯನ್ನು ಮನೆಗೆ ತಂದು ಅಡುಗೆಕಟ್ಟೆಯ ಮೇಲಿಟ್ಟೆ. ಪಕ್ಕದಲ್ಲಿ ನಿಮ್ಮ ತಂಗಿಯ ಮಣೆ. ಒಂದರ ಅಂಚಿನಲ್ಲಿ ನಿಂತ ಕಪ್ಪು ಗೆರೆ ಇನ್ನೊಂದರ ಅಂಚಿನಲ್ಲಿ ಮುಂದುವರಿದಿತ್ತು. ಒಂದೇ ಹಲಗೆ, ಒಂದೇ ದಿನ ಕೊಯ್ದದ್ದು. ಅವಳದು ದಿನಕ್ಕೆ ಮೂರು ಹೊತ್ತು ಚಾಕು ತಿಂದೂ ಕನ್ನಡಿಯಂತೆ ಸಪಾಟು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಒಂದೇ ಮರದ ಮಕ್ಕಳು. ಒಬ್ಬಳಿಗೆ ಮೈತುಂಬ ಎಣ್ಣೆ, ಇನ್ನೊಬ್ಬಳಿಗೆ ಮುಖಕ್ಕೆ ಮಾತ್ರ ಪೌಡರು. ಏನ್ರೀ ಮಾಡಿದ್ರಿ?"

ಮಾಡಿದ್ದು ಇಷ್ಟು. ಮಣೆಯ ಜೊತೆ ಕೊಡುವ ಚೀಟಿಗೆ ನೀವು ಹೇಳಿ ಬರೆಸಿದ್ದಿರಿ: ನೀರಿನಲ್ಲಿ ನೆನೆಸಬೇಡಿ, ತೊಳೆದು ಒರೆಸಿ ನಿಲ್ಲಿಸಿಡಿ, ಅಡುಗೆ ಎಣ್ಣೆ ಬೇಡ, ಕಮಟು ಹಿಡಿಯುತ್ತದೆ, ನಾವು ಕೊಡುವ ಎಣ್ಣೆಯನ್ನೇ ತಿಂಗಳಿಗೊಮ್ಮೆ ಎರಡೂ ಕಡೆ ಹಚ್ಚಿ, ಅಂಚು ಮರೆಯಬೇಡಿ. ನಾನು ಖರ್ಚು ಉಳಿಸಲು, ಉಚಿತವಾಗಿ ಕೊಡುವ ಎಣ್ಣೆಯನ್ನು ಅರ್ಧ ಸೀಸೆಗಿಳಿಸಿದೆ. ಅರ್ಧ ಸೀಸೆ ಒಂದೇ ಕಡೆಗೆ ಸಾಲುತ್ತಿತ್ತು, ಹಾಗಾಗಿ ಚೀಟಿಯಲ್ಲೂ "ಮೇಲ್ಭಾಗಕ್ಕೆ ಹಚ್ಚಿ" ಎಂದು ಅಚ್ಚು ಹಾಕಿಸಿದೆ. ಅಡಿಭಾಗವನ್ನು ಯಾರು ನೋಡುತ್ತಾರೆ ಎಂದುಕೊಂಡೆ. ನೀರು ನೋಡಿತು. ಒದ್ದೆ ಕಟ್ಟೆಯ ಮೇಲೆ ಅಡಿ ಉಬ್ಬಿತು, ಅಂಚು ಎದ್ದಿತು. ನನ್ನ ಜಾಣತನ ಹನ್ನೊಂದು ಮನೆಗಳಲ್ಲಿ ಬೆನ್ನು ಬಗ್ಗಿಸಿ ಕೂತಿತು, ಬೈಗುಳ ನಿಮಗೆ ಬಂತು.

ಅಂಗಡಿ ಬಾಗಿಲಿಗೆ ದಪ್ಪಕ್ಷರದ ಹಾಳೆ ಅಂಟಿಸಿದ್ದೇನೆ: "ಮಣೆ ಬಾಗಿದ್ದು ಬಡಗಿಯ ತಪ್ಪಲ್ಲ, ಅಂಗಡಿಯವನದು." ಹೋಟೆಲಿನ ಅಡುಗೆಯವರು ಅದನ್ನು ಎರಡು ಸಲ ಓದಿ, "ಬಾಗಿಲಿಗೆ ಹೇಳಿದ್ದಾಯ್ತು, ಅವರಿಗೆ ಹೇಳಿದ್ರಾ ಯಜಮಾನ್ರೇ?" ಎಂದರು. ಇಲ್ಲ ಎಂದೆ. ಅದಕ್ಕೇ ಈ ಪತ್ರ.

ನಾನೇ ಸರಿಮಾಡುತ್ತೇನೆಂದು ಒಂದು ಮಣೆಯನ್ನು ಬಿಸಿಲಿಗಿಟ್ಟೆ. ಪಟಾರೆಂದು ಸೀಳಿತು. ಉಳಿದ ಹತ್ತನ್ನು ಮುಟ್ಟಿಲ್ಲ. ಅಂಗಡಿಯ ಅಟ್ಟದಲ್ಲಿ ನೀವು ಒಣಗಲಿಟ್ಟ ಹಲಗೆಗಳನ್ನು ಮಾತ್ರ ತಿಂಗಳಿಗೊಮ್ಮೆ ಮಗುಚುತ್ತಾ ಬಂದಿದ್ದೇನೆ. ಮುನಿಸಿನ ನಡುವೆಯೂ ಅದೊಂದನ್ನು ತಪ್ಪಿಸಿಲ್ಲ. ಯಾಕೆಂದು ಕೇಳಬೇಡಿ, ನನಗೂ ನಾಚಿಕೆಯಾಗುತ್ತದೆ.

ಭಾವ, ತಪ್ಪಾಯಿತು. ನೀವು ಮತ್ತೆ ಉಳಿ ಹಿಡಿಯಬೇಕು. ನನ್ನ ಅಂಗಡಿಗೇ ಆಗಬೇಕೆಂದಿಲ್ಲ. ಎದುರು ಅಂಗಡಿಗೆ ಮಾಡಿಕೊಟ್ಟರೂ ಹಲಗೆಗಳನ್ನು ನಾನೇ ಹೊತ್ತು ತಂದು ಕೊಡುತ್ತೇನೆ, ಹೊಟ್ಟೆ ಉರಿದುಕೊಂಡೇ. ನೀವು ಬಾರದಿದ್ದರೂ ಬಾಗಿಲ ಹಾಳೆ ಅಲ್ಲೇ ಇರುತ್ತದೆ.

ಇವತ್ತಿನವರೆಗೆ ಯಾರಿಗೆ ಏನು ದಕ್ಕಿತೆಂದರೆ: ಗಿರಾಕಿಗಳಿಗೆ ಹೊಸದಾಗಿ ಅಚ್ಚು ಹಾಕಿಸಿದ ಸರಿಯಾದ ಚೀಟಿ. ನಿಮ್ಮ ತಂಗಿಗೆ ಆಯುಷ್ಯಪೂರ್ತಿ ಆಡಿಕೊಳ್ಳಲು ಒಂದು ಗೆಲುವು. ನನಗೆ, ಈ ವಯಸ್ಸಿನಲ್ಲಿ, ತಪ್ಪಾಯಿತು ಎಂದು ಬರೆಯಲು ಬಂತು. ನಿಮಗೆ ಮಾತ್ರ ಇನ್ನೂ ಏನೂ ಸಂದಿಲ್ಲ.

ನಿಮ್ಮ ಕೈಗಳು ನೂರು ಕಾಲ ಗಟ್ಟಿಯಾಗಿರಲಿ.

ನಿಮ್ಮ ದಾರಿ ನೋಡುವ,
ತಂಗಿಯ ಗಂಡ